ಪರದೆಯ ಮೇಲೆ ಉಬ್ಬುಕೆಲಸ: ಮೂರು ಪದರ, ಒಂದೇ ಬೆಳಕು

ಕೊಪ್ಪಳದಲ್ಲಿ ಡಿಟಿಪಿ ಅಂಗಡಿ ಇಟ್ಟವನಿಗೆ ಮದುವೆ ಸೀಜನ್ನಿನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುವ ಮಾತು: "ಅಣ್ಣಾರ, ಅಕ್ಷರ ಒಂಚೂರು ಎದ್ದು ಕಾಣ್ಬೇಕ್ರಿ." ದಪ್ಪ ಮಾಡಿ ಅಂತಲ್ಲ, ಬಣ್ಣ ಬದಲಿಸಿ ಅಂತಲೂ ಅಲ್ಲ. ಕಾರ್ಡಿನ ಮೇಲೆ ಬೆರಳಾಡಿಸಿದರೆ ಕೈಗೆ ಹತ್ತುತ್ತದೇನೋ ಅನ್ನಿಸಬೇಕು, ಅಷ್ಟೇ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಫೋಟೋಶಾಪಿನ ಬೆವೆಲ್ ಆ್ಯಂಡ್ ಎಂಬಾಸ್ ತೆರೆದು, ಇದ್ದ ಸ್ಲೈಡರೆಲ್ಲ ಬಲಕ್ಕೆ ಎಳೆಯುತ್ತಿದ್ದೆ. ಅಕ್ಷರ ಏಳುತ್ತಿದ್ದವು, ನಿಜ. ಪ್ಲಾಸ್ಟಿಕ್ ಬಕೆಟಿನ ಹಿಡಿಕೆಯ ಹಾಗೆ ಏಳುತ್ತಿದ್ದವು. ಹಿಂದಿನ ಕೆಂಪು ಹಾಳೆ ಸಪಾಟಾಗಿ ಮಲಗಿರುತ್ತಿತ್ತು, ಅದರ ಮೇಲೆ ಯಾರೋ ಅಂಟಿಸಿ ಹೋದಂತೆ ಚಿನ್ನದ ಬಣ್ಣದ ಅಕ್ಷರ.

ತಪ್ಪು ಎಲ್ಲಿದೆ ಅಂತ ಹೊಳೆದದ್ದು ಕಿನ್ನಾಳದ ಗೊಂಬೆ ಕೈಯಲ್ಲಿ ಹಿಡಿದಾಗ. ನಮ್ಮ ಜಿಲ್ಲೆಯದೇ ಊರು, ಅಲ್ಲಿನ ಚಿತ್ರಗಾರರ ಕೆಲಸ ಗೊತ್ತಿಲ್ಲದವರು ಇಲ್ಲಿ ಕಡಿಮೆ. ಹಗುರ ಮರದ ಗೊಂಬೆಯ ಮೇಲೆ ಮೊದಲು ಕಿಟ್ಟ ಬಳಿಯುತ್ತಾರೆ: ಗೋಣಿನಾರಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಹದ. ಅದರ ಮೇಲೆ ಅರಿವೆ ತುಣುಕು. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಕೊನೆಗೆ ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಸರ, ಡಾಬು, ಕಿರೀಟದ ಮಣಿಗಳನ್ನು ಉಬ್ಬಿಸುತ್ತಾರೆ; ಬಣ್ಣ ಏನಿದ್ದರೂ ಆಮೇಲೆ. ಅಂದರೆ ಉಬ್ಬು ಒಂದೇ ಪದರದ್ದಲ್ಲ. ಮೈಗೆ ಒಂದು ಏರಿಳಿತ, ಚರ್ಮಕ್ಕೆ ಒಂದು ತರಿ, ಒಡವೆಗೆ ಒಂದು ಎತ್ತರ. ಮೂರೂ ಬೇರೆ ಬೇರೆ ಅಳತೆಯವು, ಬೀಳುವ ಬೆಳಕು ಮಾತ್ರ ಒಂದೇ. ಇಟಗಿ ಮಹಾದೇವ ಗುಡಿಯ ಗೋಡೆ ನೋಡಿದರೂ ಇದೇ ಲೆಕ್ಕ. 1112ರ ಕೆಲಸ ಅದು. ಗೋಡೆಯೇ ಹಿಂದೆ ಮುಂದೆ ಮಡಚಿಕೊಂಡು ನಿಂತಿದೆ, ಆ ಮಡಿಕೆಗಳ ಮೇಲೆ ಕಿರುಗಂಬ, ಅವುಗಳ ಮೇಲೆ ಕಾಳು ಪೋಣಿಸಿದಂಥ ಕುಸುರಿ.

ಈ ಮೂರನ್ನೂ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಕಟ್ಟುವುದು ಹೇಗೆ ಅನ್ನುವುದೇ ಈ ಬರಹ. ನಾನು ಜಿಂಪ್ (ಫೋಟೋಶಾಪಿನ ಹಾಗೆಯೇ ಚಿತ್ರ ತಿದ್ದುವ ತಂತ್ರಾಂಶ) ಹಿಡಿದು ಹೇಳುತ್ತೇನೆ, ಮೆನು ಹೆಸರುಗಳು 2.10 ಆವೃತ್ತಿಯವು. ಪುಕ್ಕಟೆ ಸಿಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಯೂನಿಕೋಡ್ ಕನ್ನಡ ಅದರಲ್ಲಿ ಒಡೆಯುವುದಿಲ್ಲ. ಹಳೇ ಫೋಟೋಶಾಪಿನಲ್ಲಿ "ಕಲ್ಯಾಣೋತ್ಸವ" ಅಂತ ಟೈಪ್ ಮಾಡಿ ನೋಡಿ, ತ್ಸ ಅನ್ನುವುದು ತ್ ಮತ್ತು ಸ ಆಗಿ ಜಗಳಾಡಿದವರ ಹಾಗೆ ದೂರ ನಿಲ್ಲುತ್ತವೆ. ಫೋಟೋಶಾಪ್ ಬಿಡಲಾಗದವರಿಗೆ ಕೊನೆಯ ಹತ್ತಿರ ನಾಲ್ಕು ಮಾತು ಇಟ್ಟಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿರಲಿ

ಉಬ್ಬು ಮಾಡುವ ಯಾವ ಫಿಲ್ಟರಿಗೂ ನಿಮ್ಮ ಚಿತ್ರದಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಬಿಳಿ ಅಂದರೆ ಎತ್ತರ, ಕಪ್ಪು ಅಂದರೆ ತಗ್ಗು. ಅದೂ ಎತ್ತರವನ್ನೇ ನೋಡುವುದಿಲ್ಲ, ಇಳಿಜಾರು ನೋಡುತ್ತದೆ: ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಬಿಳಿಕಪ್ಪಿನ ವ್ಯತ್ಯಾಸ ಎಷ್ಟು ಅಂತ. ಆ ಇಳಿಜಾರು ಬೆಳಕಿಗೆ ಮುಖ ಮಾಡಿದ್ದರೆ ತಿಳಿಯಾಗುತ್ತದೆ, ಬೆನ್ನು ಮಾಡಿದ್ದರೆ ಕಪ್ಪಾಗುತ್ತದೆ.

ಈ ಒಂದು ಮಾತಿನಲ್ಲಿ ಅರ್ಧ ಕೆಲಸ ಮುಗಿದಂತೆ. ನಾನು ಒಮ್ಮೆ ಖಾನಾವಳಿಯೊಂದರ ಬೋರ್ಡಿಗೆ ಜೋಳದ ರೊಟ್ಟಿಯದೇ ಫೋಟೋ ತೆಗೆದು ಉಬ್ಬಿಸಲು ಹೋಗಿದ್ದೆ. ರೊಟ್ಟಿಯ ಉಬ್ಬು ಬರಲಿಲ್ಲ. ಹಂಚಿನಲ್ಲಿ ಸುಟ್ಟ ಕಂದು ಚುಕ್ಕೆಗಳೆಲ್ಲ ಗುಂಡಿ ಬಿದ್ದು, ರೊಟ್ಟಿ ಸಿಡುಬು ಎದ್ದ ಮುಖವಾಯಿತು. ಫಿಲ್ಟರ್ ತನ್ನ ಧರ್ಮ ಪಾಲಿಸಿತ್ತು, ಕಪ್ಪು ಕಂಡಲ್ಲಿ ತಗ್ಗು ಮಾಡಿತ್ತು. ನಮ್ಮ ಕಡೆಯ ಕಣಶಿಲೆಯ ಫೋಟೋ ಬಳಸಿದರೂ ಇದೇ ಪಾಡು, ಅದರ ಕರಿ ಹರಳುಗಳೆಲ್ಲ ರಂಧ್ರಗಳಾಗುತ್ತವೆ. ಫೋಟೋದಿಂದ ತರಿ ತೆಗೆಯುವುದಾದರೆ ಒಂದೇ ಬಣ್ಣದ ವಸ್ತು ಆರಿಸಿ: ಗೋಣಿಚೀಲ, ಸುಣ್ಣ ಬಳಿದ ಗೋಡೆ, ಮಣ್ಣಿನ ಗಡಿಗೆ. ಮೋಡ ಮುಸುಕಿದ ದಿನ ಅಥವಾ ನೆರಳಿನಲ್ಲಿಟ್ಟು ತೆಗೆಯಿರಿ. ಓರೆ ಬಿಸಿಲಿನಲ್ಲಿ ತೆಗೆದ ಫೋಟೋ ಕಣ್ಣಿಗೆ ಚೆಂದ, ಆದರೆ ಅದರಲ್ಲಿ ಆಗಲೇ ಒಂದು ನೆರಳು ಇರುತ್ತದೆ. ನೀವು ಇನ್ನೊಂದು ನೆರಳು ಹಾಕಿದಾಗ ಎರಡೂ ಬಡಿದಾಡುತ್ತವೆ.

ಹಾಳೆ ಮತ್ತು ಮೈ

5 ಇಂಚು ಅಗಲ, 7 ಇಂಚು ಉದ್ದದ ಕಾರ್ಡಿನ ಮುಖಪುಟ ಅಂತಿಟ್ಟುಕೊಳ್ಳೋಣ. 300 ಡಿಪಿಐಗೆ 1500 × 2100 ಪಿಕ್ಸೆಲ್ ಆಗುತ್ತದೆ. ಹೊಸ ಚಿತ್ರ ತೆರೆದ ತಕ್ಷಣ ಇಮೇಜ್ ಮೆನುವಿನ ಪ್ರಿಸಿಷನ್‌ಗೆ ಹೋಗಿ 16 ಬಿಟ್ ಆರಿಸಿ. ಇದನ್ನು ಬಿಟ್ಟವರು ಆಮೇಲೆ ಪರಿತಪಿಸುತ್ತಾರೆ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು ಮಾತ್ರ. ನುಣುಪಾದ ಏರಿಳಿತವನ್ನು ಉಬ್ಬಿಸಿದಾಗ ಆ ಮೆಟ್ಟಿಲುಗಳೂ ಉಬ್ಬಿ, ಗುಡ್ಡದ ಹೊಲಕ್ಕೆ ಬದು ಹಾಕಿದಂತೆ ಗೆರೆಗೆರೆ ಕಾಣುತ್ತದೆ.

ತಳದ ಪದರಕ್ಕೆ (ಲೇಯರ್) ಬಣ್ಣ ತುಂಬಿ. ನಾನು ಬಳಸುವ ಕುಂಕುಮ ಕೆಂಪು ಹೀಗಿದೆ: ಕೆಂಪು 140, ಹಸಿರು 28, ನೀಲಿ 28. ತೀರಾ ಗಾಢ ಬಣ್ಣ ಬೇಡ, ನೆರಳು ಬೀಳಲು ಜಾಗವಿರುವುದಿಲ್ಲ. ತೀರಾ ತಿಳಿಯೂ ಬೇಡ, ಮಿಂಚು ಕಾಣುವುದಿಲ್ಲ.

ಈಗ ಮೈ. ಹೊಸ ಪದರಕ್ಕೆ "ಮೈ ಎತ್ತರ" ಅಂತ ಹೆಸರಿಡಿ. ಪದರಗಳಿಗೆ ಹೆಸರಿಡದ ಅಭ್ಯಾಸ ನಿಮಗಿದ್ದರೆ ಈ ಕೆಲಸದಲ್ಲಿ ಅದು ಬಿಟ್ಟುಹೋಗುತ್ತದೆ, ಹತ್ತು ಪದರ ದಾಟಿದ ಮೇಲೆ ಬೇರೆ ದಾರಿಯಿಲ್ಲ. ಫಿಲ್ಟರ್ಸ್, ರೆಂಡರ್, ನಾಯ್ಸ್, ಸಾಲಿಡ್ ನಾಯ್ಸ್. ಎಕ್ಸ್ ಮತ್ತು ವೈ ಅಳತೆ 4, ಡಿಟೇಲ್ 1. ಮೋಡದಂಥ ಬೂದು ಕಲೆಗಳು ಬರುತ್ತವೆ. ಅದರ ಮೇಲೆ ಗಾಶಿಯನ್ ಬ್ಲರ್ 20.

ಇದು ಎತ್ತರದ ನಕ್ಷೆ ಮಾತ್ರ, ಕಾಣಿಸಬೇಕಾದದ್ದಲ್ಲ. ಇದರ ಮೇಲೆ ಇನ್ನೊಂದು ಪದರ ತೆಗೆದು ನಟ್ಟನಡುವಿನ ಬೂದು ತುಂಬಿ: ಮೂರೂ ಬಣ್ಣ 128. ಈ ಬೂದು ಪದರದ ಮೇಲೆ ನಿಂತು ಫಿಲ್ಟರ್ಸ್, ಮ್ಯಾಪ್, ಬಂಪ್ ಮ್ಯಾಪ್ ತೆರೆಯಿರಿ. ಆಕ್ಸ್ ಇನ್‌ಪುಟ್ ಅನ್ನುವಲ್ಲಿ "ಮೈ ಎತ್ತರ" ಆರಿಸಿ. ಅಜಿಮತ್ (ಬೆಳಕು ಬರುವ ದಿಕ್ಕು) 135, ಅಂದರೆ ಎಡ ಮೇಲಿನಿಂದ; ಎಲಿವೇಷನ್ (ಬೆಳಕು ಎಷ್ಟು ಮೇಲಿದೆ ಅನ್ನುವುದು) 45, ಡೆಪ್ತ್ (ಉಬ್ಬಿನ ಪ್ರಮಾಣ) 40. ಕಾಂಪನ್ಸೇಟ್ ಫಾರ್ ಡಾರ್ಕನಿಂಗ್‌ಗೆ ಟಿಕ್ ಇರಲೇಬೇಕು. ಅದಿದ್ದರೆ ಸಪಾಟು ಜಾಗ 128 ಆಗಿಯೇ ಉಳಿಯುತ್ತದೆ, ಏರಿದ್ದು ಇಳಿದದ್ದು ಮಾತ್ರ ಬದಲಾಗುತ್ತದೆ.

ಮೋಡ್ ಅಂದರೆ ಮೇಲಿನ ಪದರ ಕೆಳಗಿನದರ ಜೊತೆ ಬೆರೆಯುವ ರೀತಿ. ನಡುವಿನ ಬೂದೇ ಏಕೆ ಅಂದರೆ, ಓವರ್‌ಲೇ, ಸಾಫ್ಟ್ ಲೈಟ್, ಹಾರ್ಡ್ ಲೈಟ್ ಈ ಮೂರೂ ಮೋಡ್‌ಗಳಲ್ಲಿ ಆ ಬೂದು ಕೆಳಗಿನ ಬಣ್ಣವನ್ನು ಮುಟ್ಟುವುದಿಲ್ಲ. ಪದರದ ಮೋಡ್ ಸಾಫ್ಟ್ ಲೈಟ್‌ಗೆ ಬದಲಿಸಿ, ಓಪಾಸಿಟಿ (ದಟ್ಟಣೆ) 60ಕ್ಕೆ ತನ್ನಿ. "ಮೈ ಎತ್ತರ"ದ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ, ಮುಂದೆ ಬರುವ ಎತ್ತರದ ನಕ್ಷೆಗಳಿಗೂ ಹೀಗೆಯೇ. ಬೂದು ಮಾಯವಾಗಿ ಕೆಂಪಿನಲ್ಲಿ ಮೆಲ್ಲಗಿನ ಉಬ್ಬುತಗ್ಗು ಮಾತ್ರ ಉಳಿಯುತ್ತದೆ. ಕಂಡೂ ಕಾಣದಂತಿರಬೇಕು. ಗಿರಾಕಿ ಬಂದು "ಇದೇನ್ರೀ ಕಲೆ?" ಅಂದರೆ ಹೆಚ್ಚಾಯಿತು ಅಂತ ಅರ್ಥ.

ಡೆಪ್ತ್ 40 ನೋಡಿ ಗಾಬರಿಯಾಗಬೇಡಿ. ಮೈಯ ಏರಿಳಿತ ನೂರಾರು ಪಿಕ್ಸೆಲ್ ಉದ್ದಕ್ಕೆ ಹರಡಿದ್ದು, ಇಳಿಜಾರು ತೀರಾ ಕಡಿಮೆ. ಮುಂದೆ ಬರುವ ತರಿಯ ಪದರಕ್ಕೆ ಇದೇ 40 ಕೊಟ್ಟರೆ ಉಪ್ಪುಕಾಗದ ಆಗುತ್ತದೆ.

ಚರ್ಮ

ಇದನ್ನು ಬೇಗ ಮುಗಿಸಬಹುದು. ಹೊಸ ಪದರ, ನಡುವಿನ ಬೂದು, ಹೆಸರು "ತರಿ ಎತ್ತರ". ಫಿಲ್ಟರ್ಸ್, ನಾಯ್ಸ್, ಆರ್‌ಜಿಬಿ ನಾಯ್ಸ್. ಇಂಡಿಪೆಂಡೆಂಟ್ ಆರ್‌ಜಿಬಿ ಟಿಕ್ ತೆಗೆಯಿರಿ, ಇಲ್ಲವಾದರೆ ಬಣ್ಣಬಣ್ಣದ ಚುಕ್ಕೆ ಬರುತ್ತವೆ. ಮೇಲೆ ಗಾಶಿಯನ್ ಬ್ಲರ್ 1.2. ಗೋಣಿಯ ಫೋಟೋ ಬಳಸುವವರು ಅದನ್ನೇ ಇಲ್ಲಿ ಅಂಟಿಸಿ, ಕಲರ್ಸ್ ಮೆನುವಿನಲ್ಲಿ ಡಿಸ್ಯಾಚುರೇಟ್ (ಬಣ್ಣ ತೆಗೆಯುವುದು) ಮಾಡಿಕೊಳ್ಳಿ. ಆಮೇಲೆ ಮೊದಲಿನಂತೆಯೇ ಇನ್ನೊಂದು ಬೂದು ಪದರ, ಬಂಪ್ ಮ್ಯಾಪ್, ಅಜಿಮತ್ 135, ಎಲಿವೇಷನ್ 45, ಡೆಪ್ತ್ ಮಾತ್ರ 5. ಮೋಡ್ ಓವರ್‌ಲೇ, ಓಪಾಸಿಟಿ 35.

ಒಡವೆ

ಇಲ್ಲಿ ತಾಳ್ಮೆ ಬೇಕು, ಅದರಲ್ಲೂ ಕನ್ನಡಕ್ಕೆ. ಇಂಗ್ಲಿಷಿನ ಕಡ್ಡಿ ಅಕ್ಷರಗಳಿಗೆ ಹೇಳಿದ ಅಳತೆ ನಮ್ಮ ಲಿಪಿಗೆ ಒಗ್ಗುವುದಿಲ್ಲ. ದೊಡ್ಡಕ್ಷರದ ಗೆರೆ ದಪ್ಪ, ಕೆಳಗಿನ ಒತ್ತಕ್ಷರದ ಗೆರೆ ಸಣ್ಣ, ಅದರ ಸುರುಳಿ ಇನ್ನೂ ಸಣ್ಣ. ದೊಡ್ಡಕ್ಷರಕ್ಕೆ ಹೊಂದುವ ಬ್ಲರ್ ಕೊಟ್ಟರೆ "ಲ್ಯಾ"ದ ಯ ಒತ್ತು ಕರಗಿದ ಬೆಲ್ಲದಂತೆ ಮುದ್ದೆಯಾಗುತ್ತದೆ. ಅದಕ್ಕೆ ಗೆರೆಗಳ ದಪ್ಪ ಆದಷ್ಟು ಸಮ ಇರುವ ಫಾಂಟ್ ಆರಿಸಿ. ಬಲೂ ತಮ್ಮ 2 ಇದಕ್ಕೆ ಚೆನ್ನಾಗಿ ಒದಗುತ್ತದೆ, ನೋಟೋ ಸ್ಯಾನ್ಸ್ ಕನ್ನಡದ ದಪ್ಪ ತೂಕವೂ ಆಗುತ್ತದೆ. ತೆಳು ದಪ್ಪ ಏರುಪೇರಿರುವ ಫಾಂಟ್‌ಗಳು ಓದಲು ಚೆಂದ, ಉಬ್ಬಿಸಲು ಅಲ್ಲ.

"ಕಲ್ಯಾಣೋತ್ಸವ" ಅಂತ ಬಿಳಿಯಲ್ಲಿ ಟೈಪ್ ಮಾಡಿ, ಅಗಲ ಸುಮಾರು 1200 ಪಿಕ್ಸೆಲ್ ಬರುವಂತೆ ಗಾತ್ರ ಹೊಂದಿಸಿ. ಮೆಷರ್ ಟೂಲ್‌ನಿಂದ ದೊಡ್ಡಕ್ಷರದ ಗೆರೆ ಅಳೆಯಿರಿ. 32 ಪಿಕ್ಸೆಲ್ ಬಂತು ಅನ್ನಿ, ಅದರ ಕಾಲು ಭಾಗ 8. ದೊಡ್ಡ ಬ್ಲರ್ ಅದನ್ನು ದಾಟಬಾರದು. ಒತ್ತಕ್ಷರ ಆಗಲೂ ಮುದ್ದೆಯಾದರೆ ಇನ್ನೂ ಇಳಿಸಿ.

ಪಠ್ಯದ ಪದರವನ್ನು ಎರಡು ಸಲ ನಕಲು ಮಾಡಿ, ಮೂಲವನ್ನು ಕಣ್ಣು ಮುಚ್ಚಿಸಿ ಎತ್ತಿಡಿ. ಒಂದು ನಕಲನ್ನು ಕಪ್ಪು ತುಂಬಿದ ಪದರದ ಮೇಲಿಟ್ಟು ಮರ್ಜ್ ಡೌನ್ ಮಾಡಿ, ಬ್ಲರ್ 8 ಕೊಡಿ. ಇದು ಅಕ್ಷರದ ಬೆನ್ನು, ದುಂಡಗೆ. ಇನ್ನೊಂದನ್ನೂ ಹಾಗೆಯೇ ಕಪ್ಪಿನ ಮೇಲೆ ಕೂಡಿಸಿ ಬ್ಲರ್ 2 ಕೊಡಿ. ಇದು ಅಂಚು, ಚೂಪು. ಚೂಪನ್ನು ಮೇಲಿಟ್ಟು ಓಪಾಸಿಟಿ 50 ಮಾಡಿ ಎರಡನ್ನೂ ಕೂಡಿಸಿ: "ಒಡವೆ ಎತ್ತರ". ಬರೀ 8 ಇದ್ದರೆ ಅಕ್ಷರ ಮೇಣದಂತೆ, ಬರೀ 2 ಇದ್ದರೆ ತಗಡು ಕತ್ತರಿಸಿ ಅಂಟಿಸಿದಂತೆ. ಎರಡೂ ಬೆರೆತಾಗ ಕುಂಚದ ತುದಿಯಿಂದ ಹದ ಎಳೆದ ಗೆರೆಯ ಮೈಕಟ್ಟು ಬರುತ್ತದೆ: ತಳದಲ್ಲಿ ಕಡಿದಾಗಿ ಎದ್ದು, ಮೇಲೆ ಗುಂಡಾಗುವುದು.

ಇದರ ಮೇಲೆ ಮೂರನೇ ಬೂದು ಪದರ. ಬಂಪ್ ಮ್ಯಾಪ್, ಅದೇ 135, ಅದೇ 45, ಡೆಪ್ತ್ 10. ಮೋಡ್ ಹಾರ್ಡ್ ಲೈಟ್. ಎತ್ತಿಟ್ಟ ಪಠ್ಯದ ಪದರದ ಮೇಲೆ ಬಲ ಗುಂಡಿ ಒತ್ತಿ ಆಲ್ಫಾ ಟು ಸೆಲೆಕ್ಷನ್ ಮಾಡಿ, ಬೂದು ಪದರಕ್ಕೆ ಬಂದು ಆ ಸೆಲೆಕ್ಷನ್‌ನಿಂದಲೇ ಲೇಯರ್ ಮಾಸ್ಕ್ (ಬಿಳಿ ಇದ್ದಲ್ಲಿ ಪದರ ತೋರಿಸಿ, ಕಪ್ಪು ಇದ್ದಲ್ಲಿ ಮುಚ್ಚುವ ಮುಸುಕು) ಹಾಕಿ. ಅಕ್ಷರದ ಆಚೆ ಚೆಲ್ಲಿದ ಉಬ್ಬು ಕತ್ತರಿಸಿಹೋಗುತ್ತದೆ. ಸೆಲೆಕ್ಷನ್ ಇನ್ನೂ ಇರುವಾಗಲೇ ಈ ಬೂದಿನ ಕೆಳಗೆ ಹೊಸ ಪದರ ತೆಗೆದು ಚಿನ್ನದ ಬಣ್ಣ ತುಂಬಿ: ಕೆಂಪು 200, ಹಸಿರು 150, ನೀಲಿ 50. ಮಿಂಚು ಸುಣ್ಣದಂತೆ ಬೆಳ್ಳಗೆ ಹೊಡೆದರೆ ಹಾರ್ಡ್ ಲೈಟ್ ಪದರದ ಓಪಾಸಿಟಿ 75ರ ಆಸುಪಾಸಿಗೆ ಇಳಿಸಿ. ಚಿನ್ನದ ಮಿಂಚಿನಲ್ಲಿ ಅರಿಶಿನ ಉಳಿಯಬೇಕು, ಬಿಳುಪು ಬಂದರೆ ಹಿತ್ತಾಳೆಗೆ ಟಾರ್ಚ್ ಹಿಡಿದಂತಾಗುತ್ತದೆ.

ಎರಡು ಸಣ್ಣ ಕೆಲಸ ಉಳಿದವು, ಇವೇ ಪದರಗಳನ್ನು ಒಂದಕ್ಕೊಂದು ಹೊಂದಿಸುವವು. ಮೊದಲನೆಯದು ತರಿ. ತರಿಯ ಪದರ ಚಿನ್ನದ ಕೆಳಗಿದ್ದರೆ ಅಕ್ಷರ ಗಾಜಿನಷ್ಟು ನುಣುಪು, ಮೇಲಿದ್ದರೆ ಹಾಳೆಯಷ್ಟೇ ಒರಟು. ಎರಡೂ ಸರಿಯಲ್ಲ. ಎಲ್ಲಕ್ಕಿಂತ ಮೇಲಿಟ್ಟು, ಅದಕ್ಕೊಂದು ಬಿಳಿ ಮಾಸ್ಕ್ ಹಾಕಿ, ಅಕ್ಷರದ ಸೆಲೆಕ್ಷನ್‌ನೊಳಗೆ ಮಾತ್ರ ಗಾಢ ಬೂದು ತುಂಬಿ. ಅಕ್ಷರದ ಮೇಲೆ ತರಿಯ ಛಾಯೆ ಇರುತ್ತದೆ, ಹಾಳೆಯ ಮೇಲೆ ಪೂರ್ತಿ ಇರುತ್ತದೆ. ಎರಡನೆಯದು ನೆರಳು. ಪಠ್ಯದ ಇನ್ನೊಂದು ನಕಲು ಕಪ್ಪಿನಲ್ಲಿ, 4 ಪಿಕ್ಸೆಲ್ ಬಲಕ್ಕೆ, 4 ಕೆಳಕ್ಕೆ ಸರಿಸಿ, ಬ್ಲರ್ 5, ಮೋಡ್ ಮಲ್ಟಿಪ್ಲೈ, ಓಪಾಸಿಟಿ 50, ಚಿನ್ನದ ಪದರದ ಕೆಳಗೆ. ಬೆಳಕು ಎಡ ಮೇಲಿನಿಂದ ಬಂದರೆ ನೆರಳು ಬಲ ಕೆಳಗೇ ಬೀಳಬೇಕು.

ಬೆಳಕು ತಪ್ಪಿದರೆ

ಮೂರೂ ಪದರಕ್ಕೆ 135 ಅಂತ ಮೂರು ಸಲ ಬರೆದದ್ದು ಮರೆತು ಅಲ್ಲ. ಒಮ್ಮೆ ಗೃಹಪ್ರವೇಶದ ಬ್ಯಾನರ್ ಒಂದಕ್ಕೆ ನಾನು ಅವಸರದಲ್ಲಿ ಅಕ್ಷರದ ಪದರಕ್ಕೆ 315 ಕೊಟ್ಟುಬಿಟ್ಟಿದ್ದೆ, ಬೆಳಕು ಕೆಳಗಿನಿಂದ ಬಂದಿತ್ತು. ಪರದೆಯ ಮೇಲೆ ಗಂಟೆಗಟ್ಟಲೆ ನೋಡಿದ ಕಣ್ಣಿಗೆ ಅದು ಗೊತ್ತಾಗಲೇ ಇಲ್ಲ. ಒಯ್ಯಲು ಬಂದ ಮನೆಯವರ ಜೊತೆ ಒಬ್ಬ ಅಜ್ಜಿ ಇದ್ದರು. ಬಿಚ್ಚಿ ತೋರಿಸಿದ್ದೇ ತಡ, "ಯಪ್ಪಾ, ಅಕ್ಷರ ತಗ್ಗಿನ್ಯಾಗ ಬಿದ್ದಾವಲ್ಲೋ" ಅಂದರು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮನುಷ್ಯನ ಕಣ್ಣು ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಂಬಿ ಕೂತಿರುತ್ತದೆ. ಮೇಲಂಚು ತಿಳಿ, ಕೆಳಂಚು ಕಪ್ಪು ಇದ್ದರೆ ಉಬ್ಬು. ಅದೇ ತಿರುವು ಮುರುವಾದರೆ ತಗ್ಗು. ಬ್ಯಾನರ್ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಣವಾಯಿತು.

ಅಂದಿನಿಂದ ಹೊಸ ಫೈಲ್ ತೆರೆದಾಗ ಮೊದಲು ಒಂದು ಮೂಲೆಯಲ್ಲಿ ಬಿಳಿ ಚುಕ್ಕೆ ಇಟ್ಟು, ಬ್ಲರ್ ಮಾಡಿ, ಉಬ್ಬಿಸಿ ನೋಡುತ್ತೇನೆ. ಗುಳಿಗೆಯಂತೆ ಎದ್ದು ಕಂಡರೆ ದಿಕ್ಕು ಸರಿ. ಅನುಮಾನ ಬಂದರೆ ಚಿತ್ರವನ್ನು ತಲೆಕೆಳಗು ಮಾಡಿ. ಉಬ್ಬು ತಗ್ಗಾಗಿ ಕಾಣಬೇಕು.

ತಗ್ಗೇ ಬೇಕೆನ್ನುವವರೂ ಇದ್ದಾರೆ, ಕಲ್ಲಿನಲ್ಲಿ ಕೊರೆದಂತೆ. ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನ ನೋಡಿ ಬಂದವರು ಹಾಗೆ ಕೇಳುತ್ತಾರೆ. ಬೆಳಕು ತಿರುಗಿಸಬೇಡಿ, ಎತ್ತರದ ನಕ್ಷೆ ತಿರುಗಿಸಿ: ಬಂಪ್ ಮ್ಯಾಪ್‌ನಲ್ಲೇ ಇನ್‌ವರ್ಟ್ ಟಿಕ್ ಇದೆ. ಶಾಸನದ ಪಡಿಯಚ್ಚಿನ (ಬಂಡೆಗೆ ಕಾಗದ ಒತ್ತಿ, ಶಾಯಿ ಹಚ್ಚಿ ತೆಗೆದ ಪ್ರತಿ) ಫೋಟೋ ಕೈಗೆ ಸಿಕ್ಕರೆ ಅದೇ ಒಂದು ಸಿದ್ಧ ನಕ್ಷೆ. ಶಾಯಿ ಹತ್ತಿದ ಬಂಡೆಯ ಮೈ ಕಪ್ಪು, ಕೊರೆದ ಅಕ್ಷರ ಬಿಳಿ. ಹಾಗೆಯೇ ಹಾಕಿದರೆ ಬ್ರಾಹ್ಮಿ ಅಕ್ಷರ ಉಬ್ಬುತ್ತವೆ, ಇನ್‌ವರ್ಟ್ ಮಾಡಿದರೆ ಬಂಡೆಯೊಳಗೆ ಇಳಿಯುತ್ತವೆ. ಕೊರೆದದ್ದಕ್ಕೆ ಹೊರಗೆ ಬೀಳುವ ನೆರಳು ಇರುವುದಿಲ್ಲ, ಆ ಪದರ ತೆಗೆದುಬಿಡಿ. ಚಿನ್ನವೂ ಬೇಡ. ಬಂಡೆಯ ತರಿ ಅಕ್ಷರದೊಳಗೂ ಮುಂದುವರಿಯಬೇಕು.

ಫೋಟೋಶಾಪಿನವರಿಗೆ

ಲೆಕ್ಕ ಅದೇ. ಮೈಗೆ ಕಪ್ಪುಬಿಳುಪಿನಲ್ಲಿ ರೆಂಡರ್ ಮೆನುವಿನ ಕ್ಲೌಡ್ಸ್, ತರಿಗೆ ನಾಯ್ಸ್; ಎರಡಕ್ಕೂ ಬ್ಲರ್ ಆದಮೇಲೆ ಸ್ಟೈಲೈಸ್ ಮೆನುವಿನ ಎಂಬಾಸ್. ಆ ಫಿಲ್ಟರ್ ತಾನೇ ಸಪಾಟು ಜಾಗವನ್ನು ನಡುವಿನ ಬೂದು ಮಾಡಿಕೊಡುತ್ತದೆ, ಬೇರೆ ಬೂದು ಪದರ ಬೇಕಿಲ್ಲ. ಬಣ್ಣದ ಫೋಟೋದ ಮೇಲೆ ಹಾಕಿದರೆ ಅಂಚಿನಲ್ಲಿ ಬಣ್ಣದ ಎಳೆಗಳು ಉಳಿಯುತ್ತವೆ, ಡಿಸ್ಯಾಚುರೇಟ್ ಮಾಡಿ. ಅಕ್ಷರಕ್ಕೆ ಬೆವೆಲ್ ಆ್ಯಂಡ್ ಎಂಬಾಸ್‌ನಲ್ಲಿ ಇನ್ನರ್ ಬೆವೆಲ್, ಸ್ಮೂತ್, ಸೈಜ್ ಗೆರೆಯ ಕಾಲು ಭಾಗ, ಆಲ್ಟಿಟ್ಯೂಡ್ 30. ಹೈಲೈಟಿನ ಬಿಳಿ ಬಣ್ಣವನ್ನು ತಿಳಿ ಹಳದಿಗೆ ಬದಲಿಸಿ. ಯೂಸ್ ಗ್ಲೋಬಲ್ ಲೈಟ್ ಟಿಕ್ ಇರಲಿ, ಕೋನ 135 ಮಾಡಿ. ಗ್ಲೋಬಲ್ ಲೈಟ್ ಲೇಯರ್ ಸ್ಟೈಲ್‌ಗಳನ್ನು ಮಾತ್ರ ಒಂದು ಸಾಲಿಗೆ ತರುತ್ತದೆ, ಎಂಬಾಸ್ ಫಿಲ್ಟರಿಗೆ ಅದರ ಹಂಗಿಲ್ಲ. ಅಲ್ಲಿ ಕೋನ ನೀವೇ ಕೊಡಬೇಕು.

ಮುದ್ರಣಕ್ಕೆ ಕಳಿಸುವ ಮುಂಚೆ

ಪರದೆಯಲ್ಲಿ 200 ಪ್ರತಿಶತ ಜೂಮ್ ಮಾಡಿ ಮೆಚ್ಚಿಕೊಂಡ ತರಿ ಕಾಗದದ ಮೇಲೆ ಅರ್ಧ ಉಳಿದರೆ ಹೆಚ್ಚು. ಫ್ಲೆಕ್ಸಿನಲ್ಲಿ ಅದೂ ಇಲ್ಲ. ರಸ್ತೆಯ ಆಚೆ ನಿಂತು ನೋಡುವವರಿಗೆ ಮೈಯ ಏರಿಳಿತ ಮತ್ತು ಒಡವೆ ಎರಡೇ ಕಾಣುವುದು. ಅದಕ್ಕೆ ಫ್ಲೆಕ್ಸ್ ಕೆಲಸಕ್ಕೆ ತರಿಯ ಪದರ ಪೂರ್ತಿ ಬಿಟ್ಟು, ಮೈಯ ಓಪಾಸಿಟಿ ಏರಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ತರಿ ಕಲಸಿಹೋಗುತ್ತದೆ. ಗಿರಾಕಿಗೆ ತೋರಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕಾರ್ಡಿನ ಕೆಲಸವಾದರೆ ಅಕ್ಷರದ ಒಂದು ಮೂಲೆ, ಎರಡು ಮೂರು ಇಂಚಿನಷ್ಟು, ಅದೇ ಕಾಗದದ ಮೇಲೆ ಮೊದಲು ತೆಗೆಸಿ ನೋಡಿ. ಕೆಂಪಿನ ನೆರಳು ಪರದೆಗಿಂತ ಮುದ್ರಣದಲ್ಲಿ ಹೆಚ್ಚು ಕಪ್ಪಾಗುತ್ತದೆ, ಸಾಮಾನ್ಯವಾಗಿ ನೆರಳಿನ ಪದರ 50ರಿಂದ 35ಕ್ಕೆ ಇಳಿಸಬೇಕಾಗುತ್ತದೆ.

ಎತ್ತರದ ನಕ್ಷೆಗಳನ್ನು ಅಳಿಸಬೇಡಿ. ಮದುವೆ ತಾರೀಖು ಬದಲಾಗುತ್ತದೆ, ವರನ ಹೆಸರಿಗೆ ಚಿರಂಜೀವಿ ಸೇರುತ್ತದೆ. ಒಂದು ಅಕ್ಷರ ಬದಲಾದರೂ ಬಂಪ್ ಮ್ಯಾಪ್ ಮತ್ತೆ ಓಡಿಸಬೇಕು. ಮೂಲ ಫೈಲ್ ಜಿಂಪಿನದೇ ರೂಪವಾದ ಎಕ್ಸ್‌ಸಿಎಫ್ ಆಗಿಯೇ ಇರಲಿ, ಪದರಗಳು ಉಳಿಯುತ್ತವೆ.

ಇನ್ನೊಂದು. ಕೆಲವರಿಗೆ ಚಿತ್ರದ ಉಬ್ಬು ಸಾಲದು, ನಿಜವಾಗಿ ಡೈ (ಲೋಹದ ಅಚ್ಚು) ಒತ್ತಿಸಿ ಕಾಗದವನ್ನೇ ಎಬ್ಬಿಸಬೇಕು, ಇಲ್ಲವೇ ಫಾಯಿಲ್ (ಲೋಹದ ಹೊಳಪಿನ ತೆಳು ಹಾಳೆ) ಹಾಕಿಸಬೇಕು. ಅಂಥವರ ಕೆಲಸಕ್ಕೆ ಈ ಬೂದು ಪದರ, ನೆರಳು, ಮಿಂಚು ಯಾವುದನ್ನೂ ಕಳಿಸಬೇಡಿ. ಡೈ ಮಾಡುವವರಿಗೆ ಬೇಕಾದದ್ದು ಬಿಳಿಯ ಮೇಲೆ ಅಪ್ಪಟ ಕಪ್ಪು ಅಕ್ಷರ, ಅದೂ ಕೋರೆಲ್‌ಡ್ರಾದಲ್ಲಿ ಕರ್ವ್ (ಫಾಂಟ್ ಬೇಡದ ಗೆರೆಯಾಕಾರ) ಮಾಡಿದ್ದು. ಅದನ್ನು ಬೇರೆ ಫೈಲಾಗಿ, ಹೆಸರಿನ ಕೊನೆಗೆ "ಡೈ" ಅಂತ ಬರೆದು ಕಳಿಸಿ. ಅಕ್ಷರದ ಜಾಗ ಎರಡೂ ಫೈಲಿನಲ್ಲಿ ಕೂದಲೆಳೆಯಷ್ಟೂ ಸರಿದಿರಬಾರದು.